ದಯಾ ಹೋದ ಮೇಲೆ ನಗು ಏಕೆ ಕಡಿಮೆಯಾಯಿತು?

ಮನೆಯೊಳಗೆ ಉರ್ದು, ಬಾಗಿಲು ದಾಟಿದರೆ ಕನ್ನಡ. ನಂಜನಗೂಡು, ಟಿ. ನರಸೀಪುರದ ಕಡೆಯ ನಮ್ಮಂಥ ಅನೇಕರ ಮನೆಯ ಕಥೆ ಇದು. ಟಿವಿಯಲ್ಲೂ ಹಾಗೆಯೇ ಪಾಲಾಗಿದೆ. ಸಂಜೆ ಕನ್ನಡ ಧಾರಾವಾಹಿಗಳು, ರಾತ್ರಿ ಎಂಟೂವರೆಗೆ ಸಬ್ ಟಿವಿಯಲ್ಲಿ ‘ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ’. ಈ ಧಾರಾವಾಹಿ ಶುರುವಾದದ್ದು 2008ರ ಜುಲೈ 28ರಂದು. ಅಂದರೆ ಈಗ ಪಿಯುಸಿಯಲ್ಲಿರುವ ನಮಗೂ ಅದಕ್ಕೂ ಹೆಚ್ಚು ಕಡಿಮೆ ಒಂದೇ ವಯಸ್ಸು. ನಾವು ಅಂಬೆಗಾಲಿಡುವಾಗಲೂ ಜೇಠಾಲಾಲ್ ಅಪ್ಪನಿಂದ ಬೈಸಿಕೊಳ್ಳುತ್ತಿದ್ದ, ಈಗಲೂ ಬೈಸಿಕೊಳ್ಳುತ್ತಿದ್ದಾನೆ.

ಆದರೆ ಒಂದು ವ್ಯತ್ಯಾಸವಿದೆ. 2017ರಲ್ಲಿ ದಯಾ ಪಾತ್ರದ ದಿಶಾ ವಕಾನಿ ಹೆರಿಗೆ ರಜೆಯ ಮೇಲೆ ಹೋದರು, ಆಮೇಲೆ ಮೊದಲಿನಂತೆ ಧಾರಾವಾಹಿಗೆ ಮರಳಲಿಲ್ಲ. ನಮ್ಮ ನಾನಿ ಈಗಲೂ ಕಂತು ಶುರುವಾದ ಕೂಡಲೇ “ದಯಾ ಕಬ್ ಆತೀ?” ಎಂದು ಕೇಳುತ್ತಾರೆ. ಧಾರಾವಾಹಿ ನಿಂತಿಲ್ಲ, ನಾಲ್ಕು ಸಾವಿರ ಕಂತು ದಾಟಿದೆ. ಆದರೂ ತರಗತಿಯಲ್ಲಿ ಯಾರನ್ನು ಕೇಳಿದರೂ ಉತ್ತರ ಒಂದೇ: “ಹಳೇ ಎಪಿಸೋಡೇ ಚೆನ್ನಾಗಿದ್ದವು.”

ಯಾಕೆ ಹೀಗೆ? “ದಿಶಾ ವಕಾನಿ ಚೆನ್ನಾಗಿ ನಟಿಸುತ್ತಿದ್ದರು” ಎಂಬ ಉತ್ತರ ಸಾಲದು. ಉಳಿದವರೂ ಚೆನ್ನಾಗಿಯೇ ನಟಿಸುತ್ತಾರೆ. ಜೇಠಾಲಾಲ್ ಆಗಿ ದಿಲೀಪ್ ಜೋಶಿ ಮೊದಲ ದಿನದಿಂದ ಇದ್ದಾರೆ. ಸೊಸೈಟಿ ಅದೇ, ಮನೆಗಳು ಅವೇ. ಒಬ್ಬರು ಹೋದರೆ ಒಬ್ಬರ ಪಾಲಿನ ನಗು ಮಾತ್ರ ಹೋಗಬೇಕಿತ್ತು. ಅದಕ್ಕಿಂತ ಹೆಚ್ಚು ಹೋಗುವುದು ಹೇಗೆ?

ಈ ಪ್ರಶ್ನೆ ನನಗೆ ಬರೀ ಟಿವಿಯ ಪ್ರಶ್ನೆಯಲ್ಲ. ನಮ್ಮದು ಎರಡು ವರ್ಷದ ಕಾಲೇಜು. ಇಲ್ಲಿ ಮುಖ್ಯ ಪಾತ್ರಧಾರಿ ಪ್ರತಿ ವರ್ಷ ಪರೀಕ್ಷೆ ಬರೆದು ಹೊರಟೇಹೋಗುತ್ತಾರೆ. ನಮ್ಮ ಕಿರುನಾಟಕ ತಂಡ ಈ ವರ್ಷ ಅದೇ ಇಕ್ಕಟ್ಟಿನಲ್ಲಿದೆ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ನಗು ಇರುವುದು ಇಬ್ಬರ ನಡುವೆ

ಈ ಬಗೆಯ ಧಾರಾವಾಹಿಯನ್ನು ಇಂಗ್ಲಿಷಿನವರು ಸಿಟ್‌ಕಾಮ್ ಎನ್ನುತ್ತಾರೆ. ನಾವು ಸನ್ನಿವೇಶ ಹಾಸ್ಯ ಎನ್ನಬಹುದು. ಇದರ ಕಟ್ಟುಪಾಡು ಸರಳ. ಅದೇ ಜಾಗ, ಅದೇ ಜನ, ದಿನಕ್ಕೊಂದು ಹೊಸ ತೊಂದರೆ. ಕಂತು ಮುಗಿಯುವಾಗ ಎಲ್ಲರೂ ಮೊದಲಿದ್ದ ಜಾಗಕ್ಕೇ ಮರಳಿರಬೇಕು. ಸಿನಿಮಾದಲ್ಲಿ ನಾಯಕ ಬದಲಾಗುತ್ತಾನೆ. ಇಲ್ಲಿ ಯಾರೂ ಬದಲಾಗಬಾರದು. ಜಿಪುಣ ಜಿಪುಣನಾಗಿಯೇ ಇರಬೇಕು, ಅಂಜುಬುರುಕ ಅಂಜುತ್ತಲೇ ಇರಬೇಕು. ಮುಂದೇನು ಮಾಡುತ್ತಾನೆಂದು ನಮಗೆ ಮೊದಲೇ ಗೊತ್ತಿರುತ್ತದೆ. ಅದಕ್ಕೇ ನಗು ಬರುತ್ತದೆ.

ಹಾಗಾದರೆ ಒಂದು ಪಾತ್ರದ ಕೆಲಸವೆಂದರೆ ತಾನು ನಗಿಸುವುದಷ್ಟೇ ಅಲ್ಲ, ಇನ್ನೊಂದು ಪಾತ್ರಕ್ಕೆ ನಗಿಸಲು ಕಾರಣ ಒದಗಿಸುವುದು. ಗಡಾ ಮನೆಯನ್ನೇ ನೋಡಿ. ದಯಾ ಮುಗ್ಧೆ. ಒಳ್ಳೆಯದು ಮಾಡಲು ಹೋಗಿ ಗಂಡನಿಗೆ ತಾಪತ್ರಯ ತರುತ್ತಾಳೆ. ಜೇಠಾಲಾಲ್ ರೇಗುತ್ತಾನೆ. ಅವನು ರೇಗಿದ್ದು ಬಾಪೂಜಿಗೆ ಕೇಳಿಸುತ್ತದೆ, ಅವರು ಮಗನನ್ನೇ ಬೈಯುತ್ತಾರೆ. ಮೂರು ಕಲ್ಲಿನ ಒಲೆಯಂತೆ ಮೂವರೂ ಸೇರಿದರೆ ಮಾತ್ರ ಪಾತ್ರೆ ನಿಲ್ಲುತ್ತದೆ. ಒಂದು ಕಲ್ಲು ತೆಗೆದರೆ ಉಳಿದೆರಡು ಕಲ್ಲು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ದಯಾ ಹೋದಾಗ ನಿಜವಾಗಿ ಆದದ್ದು ಇದು. ದಿಲೀಪ್ ಜೋಶಿಯವರ ಅಭಿನಯ ಕುಂದಲಿಲ್ಲ. ಅವರ ಸಿಡಿಮಿಡಿಗೆ ಎದುರು ನಿಲ್ಲುತ್ತಿದ್ದ ಮುಗ್ಧ ಮುಖ ಇಲ್ಲವಾಯಿತು. ಹೆಂಡತಿಯ ಮೇಲೆ ರೇಗುತ್ತಿದ್ದವನು ಈಗ ನೆರೆಯವರ ಮೇಲೆ, ಅಂಗಡಿಯ ಹುಡುಗನ ಮೇಲೆ ರೇಗುತ್ತಾನೆ. ರೇಗುವುದು ಅದೇ ಆದರೂ ಹಿಂದಿನ ಪ್ರೀತಿ ಕಾಣುವುದಿಲ್ಲ. ಪ್ರೀತಿ ಇಲ್ಲದ ರೇಗಾಟ ನಗು ತರಿಸುವುದಿಲ್ಲ, ಬೇಸರ ತರಿಸುತ್ತದೆ.

ಕನ್ನಡದಲ್ಲಿ ಇದನ್ನು ಚೆನ್ನಾಗಿ ಅರಿತವರು ‘ಪಾಪ ಪಾಂಡು’ ತಂಡದವರು. ಸಿಹಿಕಹಿ ಚಂದ್ರು ಅವರ ಆ ಧಾರಾವಾಹಿ ಈಟಿವಿ ಕನ್ನಡದಲ್ಲಿ ಬರುತ್ತಿದ್ದಾಗ ನಾವು ಹುಟ್ಟಿರಲಿಲ್ಲ, ಅದನ್ನು ನೋಡಿ ನಕ್ಕವರು ನಮ್ಮ ಅಬ್ಬಾ, ಅಮ್ಮಿ. ಅದರ ಜೀವಾಳ ಗಂಡ ಪಾಂಡು ಮತ್ತು ಅವನನ್ನು ನಡುಗಿಸುವ ಹೆಂಡತಿ ಶ್ರೀಮತಿ. 2018ರಲ್ಲಿ ಅದನ್ನು ಕಲರ್ಸ್ ಸೂಪರ್‌ನಲ್ಲಿ ಮತ್ತೆ ತಂದಾಗ ಚಾನೆಲ್ಲಿನ ಹೆಸರು ಬದಲಾಗಿತ್ತು, ಕಾಲ ಬದಲಾಗಿತ್ತು, ಆದರೆ ಚಿದಾನಂದ್ ಮತ್ತು ಶಾಲಿನಿ ಅವರೇ ಗಂಡ ಹೆಂಡತಿಯಾಗಿ ಮರಳಿದರು. ಆ ಜೋಡಿ ಇಲ್ಲದೆ ಆ ಹೆಸರಿಗೆ ಅರ್ಥವಿಲ್ಲವೆಂದು ಮಾಡಿದವರಿಗೆ ಗೊತ್ತಿತ್ತು.

ಖಾಲಿ ಜಾಗ ತುಂಬಲು ನಾಲ್ಕು ದಾರಿ

ಮುಖ್ಯ ನಟ ಹೋದಾಗ ಬರಹಗಾರರ ಮುಂದೆ ಇರುವುದು ನಾಲ್ಕೇ ದಾರಿಗಳು. ಪ್ರತಿಯೊಂದಕ್ಕೂ ಅದರದೇ ಬೆಲೆ ಇದೆ.

ಮೊದಲನೆಯದು, ಅದೇ ಪಾತ್ರಕ್ಕೆ ಹೊಸ ಮುಖ. ಅಮೆರಿಕದ ‘ಬಿವಿಚ್ಡ್’ ಎಂಬ ಹಳೆಯ ಹಾಸ್ಯ ಧಾರಾವಾಹಿಯಲ್ಲಿ ಮಾಟಗಾತಿಯ ಗಂಡನ ಪಾತ್ರ ಮಾಡುತ್ತಿದ್ದ ಡಿಕ್ ಯಾರ್ಕ್ ಬೆನ್ನುನೋವಿನಿಂದ ಕೆಲಸ ಬಿಟ್ಟರು. 1969ರಲ್ಲಿ ಡಿಕ್ ಸಾರ್ಜೆಂಟ್ ಬಂದರು. ಕಥೆಯಲ್ಲಿ ಯಾವ ವಿವರಣೆಯೂ ಇಲ್ಲ. ನಿನ್ನೆವರೆಗೆ ಒಬ್ಬ ಗಂಡ, ಇವತ್ತಿನಿಂದ ಇನ್ನೊಂದು ಮುಖ. ಧಾರಾವಾಹಿ ಇನ್ನು ಮೂರು ವರ್ಷ ನಡೆದು 1972ರಲ್ಲಿ ನಿಂತಿತು. ಆದರೆ ಇದೇ ದಾರಿ ಗೆದ್ದದ್ದೂ ಇದೆ. ‘ಭಾಬೀಜಿ ಘರ್ ಪರ್ ಹೈ’ ಶುರುವಾದದ್ದು 2015ರ ಮಾರ್ಚಿನಲ್ಲಿ. ಅಂಗೂರಿ ಭಾಬಿಯಾಗಿದ್ದ ಶಿಲ್ಪಾ ಶಿಂದೆ 2016ರಲ್ಲಿ ಬಿಟ್ಟರು, ಶುಭಾಂಗಿ ಅತ್ರೆ ಬಂದು ವರ್ಷಗಟ್ಟಲೆ ಅದೇ ಪಾತ್ರ ನಡೆಸಿದರು. ವ್ಯತ್ಯಾಸ ಎಲ್ಲಿದೆ? ಅಂಗೂರಿ ಪಾತ್ರಕ್ಕೆ ಆಗ ಒಂದೇ ವರ್ಷ ಆಗಿತ್ತು. ಅದರ ನಗು ಹುಟ್ಟುತ್ತಿದ್ದದ್ದು ತಪ್ಪು ತಪ್ಪು ಇಂಗ್ಲಿಷಿನಿಂದ, ಮತ್ತೆ ಮತ್ತೆ ಹೇಳುವ ಒಂದೇ ಮಾತಿನಿಂದ, ಎದುರುಬದುರು ಮನೆಯ ಇಬ್ಬರು ಗಂಡಂದಿರು ಒಬ್ಬರ ಹೆಂಡತಿಯನ್ನು ಇನ್ನೊಬ್ಬರು ಮೆಚ್ಚಿಸಲು ಹೋಗುವ ಪೇಚಾಟದಿಂದ. ಅವೆಲ್ಲ ಬರಹದಲ್ಲೇ ಇದ್ದವು. ಬರಹದಲ್ಲಿರುವುದನ್ನು ಇನ್ನೊಬ್ಬರಿಗೆ ಕೊಡಬಹುದು.

ಎರಡನೆಯದು, ಕುರ್ಚಿಯನ್ನು ಖಾಲಿ ಬಿಡುವುದು. ದಯಾ ವಿಷಯದಲ್ಲಿ ಮಾಡಿದ್ದು ಇದನ್ನೇ. ಅವಳು ಅಹಮದಾಬಾದಿನ ತವರುಮನೆಯಲ್ಲಿದ್ದಾಳೆ, ಇವತ್ತಲ್ಲ ನಾಳೆ ಬರುತ್ತಾಳೆ. ಇದರಲ್ಲಿ ಒಂದು ಮರ್ಯಾದೆ ಇದೆ, ನಟಿಯ ಜಾಗ ಹಾಗೇ ಉಳಿಯಿತು. ಆದರೆ ವರ್ಷಗಟ್ಟಲೆ ಹೆಂಡತಿ ತವರಿನಲ್ಲೇ ಇದ್ದರೆ ಕಥೆಯೊಳಗಿನ ಸಂಸಾರದ ಮೇಲೆ ನಂಬಿಕೆ ಹೋಗುತ್ತದೆ. ಹಲವು ಸಲ “ದಯಾ ಬರುತ್ತಾಳಂತೆ” ಎಂದು ಕಥೆ ಕಟ್ಟಿ, ರಂಗೋಲಿ ಹಾಕಿಸಿ, ಕೊನೆಗೆ ಬರಿಗೈ ತೋರಿಸಿದರು. ನಾನಿಯಂಥವರು ಒಮ್ಮೆ ಕಾದರು, ಎರಡು ಸಲ ಕಾದರು. ಮೂರನೇ ಸಲ ಪ್ರೋಮೋ ಬಂದಾಗ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ.

ಮೂರನೆಯದು, ಹೋದವರ ಜಾಗಕ್ಕೆ ಬೇರೆಯೇ ಸ್ವಭಾವದ ಹೊಸ ಪಾತ್ರ. ಅಮೆರಿಕದ ‘ಚಿಯರ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. 1982ರಿಂದ 1993ರವರೆಗೆ ನಡೆದ ಧಾರಾವಾಹಿ ಅದು. ಬಾಸ್ಟನ್ ಊರಿನ ಒಂದು ಬಾರ್, ಓದು ತಲೆಗೆ ಹತ್ತದ ಮಾಜಿ ಆಟಗಾರ ಮಾಲೀಕ, ಓದಿದ ಗರ್ವದ ಡಯಾನ್ ಎಂಬ ಪರಿಚಾರಕಿ, ಇಬ್ಬರ ಜಗಳ, ಪ್ರೀತಿ. ಡಯಾನ್ ಪಾತ್ರದ ಶೆಲಿ ಲಾಂಗ್ 1987ರಲ್ಲಿ ಬಿಟ್ಟಾಗ ಧಾರಾವಾಹಿ ಮುಗಿಯಿತೆಂದೇ ಅನೇಕರು ಅಂದುಕೊಂಡರು. ಬರಹಗಾರರು ಇನ್ನೊಬ್ಬ ಡಯಾನ್‌ಳನ್ನು ಹುಡುಕಲಿಲ್ಲ. ಬಾರ್ ಕೈಬದಲಾಗಿ, ಅದನ್ನು ನಡೆಸಲು ರೆಬೆಕಾ ಎಂಬ ಮ್ಯಾನೇಜರ್ ಬಂದಳು. ಮೊದಲು ಮಾಲೀಕನಾಗಿದ್ದವನು ಈಗ ಅವಳ ಕೈಕೆಳಗಿನ ಕೆಲಸಗಾರ. ಅದೇ ಬಾರಿನಲ್ಲಿ ಹೊಸ ಜಗಳ ಹುಟ್ಟಿತು. ಧಾರಾವಾಹಿ ಮತ್ತೆ ಆರು ಸೀಸನ್ ನಡೆಯಿತು, 1990-91ರ ಸಾಲಿನಲ್ಲಿ ಅಮೆರಿಕದಲ್ಲೇ ಮೊದಲ ಸ್ಥಾನಕ್ಕೂ ಏರಿತು.

ಇದೇ ದಾರಿ ಹಿಡಿದ ‘ಟೂ ಆ್ಯಂಡ್ ಎ ಹಾಫ್ ಮೆನ್’ ಕಥೆ ಬೇರೆ. 2011ರಲ್ಲಿ ಚಾರ್ಲಿ ಶೀನ್ ಹೊರಹೋಗಿ ಆ್ಯಷ್ಟನ್ ಕಚರ್ ಬಂದರು. ಅವರ ಮೊದಲ ಕಂತನ್ನು ಸುಮಾರು 2.87 ಕೋಟಿ ಜನ ನೋಡಿದರು. ಆಮೇಲೆ ಸಂಖ್ಯೆ ಇಳಿಯುತ್ತಾ ಹೋಯಿತು. ಇದು ನೆನಪಿಡಬೇಕಾದ ಮಾತು: ಹೊಸಬರ ಮೊದಲ ದಿನ ಸೇರುವ ಜನ ಕುತೂಹಲಕ್ಕೆ ಬಂದವರು. ಮದುವೆಮನೆಗೆ ಹೆಣ್ಣು ನೋಡಲು ಬಂದ ನೆಂಟರನ್ನು ಎಣಿಸಿ ಸಂಸಾರ ಹೇಗೆ ನಡೆಯುತ್ತದೆಂದು ಹೇಳಲು ಆಗುವುದಿಲ್ಲ.

ನಾಲ್ಕನೆಯದು, ಹೋದವರ ಕೆಲಸವನ್ನು ಉಳಿದವರಿಗೇ ಹಂಚುವುದು. ‘ದಿ ಆಫೀಸ್’ ಎಂಬ ಅಮೆರಿಕನ್ ಧಾರಾವಾಹಿಯಲ್ಲಿ ಸ್ಟೀವ್ ಕರೆಲ್ ಕಾಗದದ ಕಂಪನಿಯೊಂದರ ಮ್ಯಾನೇಜರ್. ಎಲ್ಲರೂ ತನ್ನನ್ನು ಪ್ರೀತಿಸಬೇಕೆಂಬ ಆಸೆ, ಬಾಯಿ ತೆಗೆದರೆ ಎಡವಟ್ಟು. ಕೆಲಸಗಾರರು ಮುಜುಗರದಿಂದ ಕ್ಯಾಮೆರಾ ಕಡೆ ನೋಡುತ್ತಾರೆ, ನಮಗೆ ನಗು. 2011ರಲ್ಲಿ ಅವರು ಬಿಟ್ಟ ಮೇಲೆ ಇದ್ದವರಲ್ಲೇ ಒಬ್ಬರನ್ನು ಮ್ಯಾನೇಜರ್ ಮಾಡಿದರು. ನೋಡುಗರು ಕಡಿಮೆಯಾದರು, 2013ಕ್ಕೆ ಧಾರಾವಾಹಿ ಮುಗಿಯಿತು. ಕಾರಣ ಒಂದೇ ಅಲ್ಲ. ಆದರೆ ಒಂದಂತೂ ಸ್ಪಷ್ಟ. ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ನಗಿಸಿದವನನ್ನು ನಡುವೆ ನಿಲ್ಲಿಸಿದರೆ, ನಡುವಿನ ಜಾಗವೂ ಸರಿಯಾಗಿ ತುಂಬುವುದಿಲ್ಲ, ಪಕ್ಕದ ಜಾಗವೂ ಖಾಲಿಯಾಗುತ್ತದೆ.

ನಮ್ಮ ‘ಜೊತೆ ಜೊತೆಯಲಿ’

ಕನ್ನಡದಲ್ಲಿ ಈಚೆಗೆ ಎಲ್ಲರ ಬಾಯಲ್ಲಿದ್ದ ಉದಾಹರಣೆ ಹಾಸ್ಯ ಧಾರಾವಾಹಿಯದಲ್ಲ, ಜೀ ಕನ್ನಡದ ‘ಜೊತೆ ಜೊತೆಯಲಿ’ಯದು. ಮರಾಠಿಯ ‘ತುಲಾ ಪಾಹತೇ ರೇ’ ಆಧರಿಸಿದ ಈ ಧಾರಾವಾಹಿ 2019ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ನಡುವಯಸ್ಸಿನ ಶ್ರೀಮಂತ ಆರ್ಯವರ್ಧನ್, ಕೆಳಮಧ್ಯಮ ವರ್ಗದ ಹುಡುಗಿ ಅನು ಸಿರಿಮನೆ. ಆರ್ಯವರ್ಧನ್ ಆಗಿ ಅನಿರುದ್ಧ, ಅನು ಆಗಿ ಮೇಘಾ ಶೆಟ್ಟಿ ಮನೆಮಾತಾದರು. 2022ರ ಆಗಸ್ಟಿನಲ್ಲಿ ಅನಿರುದ್ಧ ಧಾರಾವಾಹಿಯಿಂದ ಹೊರಬಂದರು. ಅನುಭವಿ ನಟ ಹರೀಶ್ ರಾಜ್ ಒಳಬಂದರು. 2023ರಲ್ಲಿ ಧಾರಾವಾಹಿ ಮುಗಿಯಿತು.

ಯಾರದು ಸರಿ, ಯಾರದು ತಪ್ಪು ಎಂಬ ಚರ್ಚೆ ಆಗ ಬೇಕಾದಷ್ಟು ನಡೆಯಿತು, ನನಗೆ ಅದು ಬೇಡ. ನನ್ನ ಪ್ರಶ್ನೆ ಬೇರೆ: ಮೂರು ವರ್ಷ ಒಂದು ಮುಖ ನೋಡಿದವರು ಇನ್ನೊಂದು ಮುಖ ಒಪ್ಪುವುದು ಯಾಕೆ ಅಷ್ಟು ಕಷ್ಟವಾಯಿತು?

ಒಂದು ಕಾರಣ ಸಮಯ. ‘ಚಿಯರ್ಸ್’ನಂಥದ್ದು ವಾರಕ್ಕೊಂದು ಕಂತು, ವರ್ಷಕ್ಕೆ ಇಪ್ಪತ್ತೈದರ ಆಸುಪಾಸು, ನಡುವೆ ಬೇಸಿಗೆಯ ದೊಡ್ಡ ಬಿಡುವು. ನಟಿ ಹೋಗುವುದು ತಿಂಗಳುಗಳ ಮೊದಲೇ ಗೊತ್ತಿತ್ತು. ಬರಹಗಾರರು ಕೂತು ಯೋಚಿಸಲು ಆಯಿತು. ನಮ್ಮ ಧಾರಾವಾಹಿಗಳು ವಾರಕ್ಕೆ ಐದೋ ಆರೋ ಕಂತು, ವರ್ಷವಿಡೀ ಬಿಡುವಿಲ್ಲ. ಮುಂಚಿತವಾಗಿ ಚಿತ್ರೀಕರಿಸಿ ಇಟ್ಟುಕೊಂಡ ಕಂತುಗಳು ಕೆಲವೇ ದಿನಕ್ಕೆ ಸಾಕಾಗುತ್ತವೆ. ಅಷ್ಟರೊಳಗೆ ಕಥೆ ತಿರುಗಿಸಬೇಕು, ನಟನನ್ನು ಹುಡುಕಬೇಕು, ಚಿತ್ರೀಕರಣವೂ ನಿಲ್ಲಬಾರದು. ನಿಲ್ಲಿಸಿದರೆ ಲೈಟ್ ಹಿಡಿಯುವವರಿಂದ ಹಿಡಿದು ಮೇಕಪ್ ಮಾಡುವವರವರೆಗೆ ದಿನಗೂಲಿಯ ಜನ ಮನೆಯಲ್ಲಿ ಕೂರಬೇಕಾಗುತ್ತದೆ. ಆದ್ದರಿಂದಲೇ ಅಪಘಾತ, ಮುಖ ಬದಲಾವಣೆ, ಕಳೆದುಹೋದ ನೆನಪು ಇಂಥ ತಿರುವುಗಳು ಧಾರಾವಾಹಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬರಹಗಾರರಿಗೆ ಬುದ್ಧಿ ಇಲ್ಲವೆಂದಲ್ಲ, ಬಿಡುವಿಲ್ಲ.

ಎರಡನೆಯ ಕಾರಣ ಹೆಸರು. ‘ಸಿಲ್ಲಿ ಲಲ್ಲಿ’ಯಲ್ಲಿ ಡಾಕ್ಟರ್ ವಿಠ್ಠಲ್ ರಾವ್ ಆಗಿದ್ದ ರವಿಶಂಕರ್ ಗೌಡರನ್ನು ಜನ ಇವತ್ತಿಗೂ ‘ಸಿಲ್ಲಿ ಲಲ್ಲಿ ರವಿಶಂಕರ್’ ಎಂದೇ ಕರೆಯುತ್ತಾರೆ. ಧಾರಾವಾಹಿ ಮುಗಿದು ಎಷ್ಟೋ ವರ್ಷವಾದರೂ ಅದರ ಹೆಸರು ನಟನ ಮನೆಹೆಸರಿನಂತೆ ಅಂಟಿಕೊಂಡಿದೆ. ಪ್ರತಿದಿನ ಊಟದ ಹೊತ್ತಿಗೆ ಮನೆಗೆ ಬರುವವರು ನಟರಾಗಿ ಉಳಿಯುವುದಿಲ್ಲ, ನೆಂಟರಾಗುತ್ತಾರೆ. ಚಿಕ್ಕಪ್ಪನ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಿ “ಇವರೇ ಚಿಕ್ಕಪ್ಪ” ಎಂದರೆ ಮಕ್ಕಳು ಒಪ್ಪುತ್ತಾರೆಯೇ?

ಮೂರನೆಯದು, ಕೆಲವು ಪಾತ್ರಗಳಲ್ಲಿ ಅರ್ಧ ನಗು ಇರುವುದೇ ಅದನ್ನು ಮಾಡುತ್ತಿರುವವರು ಯಾರು ಎಂಬುದರಲ್ಲಿ. ‘ಮಜಾ ಟಾಕೀಸ್’ನ ವರಲಕ್ಷ್ಮಿಯನ್ನು ನೆನೆಸಿಕೊಳ್ಳಿ. ಆ ಪಾತ್ರ ಮಾಡಿದ ಅಪರ್ಣಾ ಅಚ್ಚ ಕನ್ನಡದ ನಿರೂಪಣೆಗೆ ಹೆಸರಾದವರು. ಬೆಂಗಳೂರಿನ ಮೆಟ್ರೋದಲ್ಲಿ ನಿಲ್ದಾಣಗಳ ಹೆಸರು ಹೇಳುವ ಕನ್ನಡ ದನಿ ಅವರದೇ. ಅಷ್ಟು ಗಂಭೀರ ದನಿಯವರು ಅಷ್ಟೊಂದು ಪೆದ್ದುಪೆದ್ದಾಗಿ ಜಂಭ ಕೊಚ್ಚಿಕೊಳ್ಳುವುದೇ ತಮಾಷೆಯಾಗಿತ್ತು. 2024ರ ಜುಲೈನಲ್ಲಿ ಅವರು ತೀರಿಕೊಂಡರು. ಆ ಸಾಲುಗಳನ್ನು ಇನ್ನೊಬ್ಬರಿಗೆ ಕೊಡಬಹುದು, ಆ ವ್ಯತ್ಯಾಸವನ್ನು ಕೊಡಲಾಗದು. ನಮ್ಮ ಮೈಸೂರಿನವರಾದ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವೂ ಹಾಗೆಯೇ. ನಾಟಕದ ಕಥೆ ಒಂದೇ ಆದರೂ ಅಂದಂದಿನ ರಾಜಕೀಯವನ್ನು ಅವರು ಅಲ್ಲಲ್ಲೇ ಸೇರಿಸಿ ಚುಚ್ಚುತ್ತಿದ್ದರು, ಜನ ಬರುತ್ತಿದ್ದದ್ದು ಅದಕ್ಕೆ. ಅರ್ಧ ನಾಟಕ ಪುಸ್ತಕದಲ್ಲಿ, ಅರ್ಧ ಅವರ ನಾಲಿಗೆಯಲ್ಲಿ. 2019ರಲ್ಲಿ ಅವರು ಹೋದಾಗ ಆ ಅರ್ಧವೂ ಹೋಯಿತು.

ಒಂದೇ ರಾತ್ರಿ ಇಬ್ಬರು ಕೃಷ್ಣರು

ಇಲ್ಲಿ ನಮ್ಮ ಊರುಗಳ ಕಡೆ ತಿರುಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ನಂಜನಗೂಡು, ಟಿ. ನರಸೀಪುರದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡುವುದನ್ನು ನೀವು ನೋಡಿರಬಹುದು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ಊರಿನ ರೈತರು, ಅಂಗಡಿಯವರು, ಮೇಷ್ಟ್ರುಗಳು ತಾವೇ ಹಣ ಹಾಕಿ ಪಾತ್ರ ಮಾಡುತ್ತಾರೆ. ರಾತ್ರಿ ಶುರುವಾದದ್ದು ಬೆಳಗಿನವರೆಗೂ ನಡೆಯುತ್ತದೆ. ಕೃಷ್ಣನ ಪಾತ್ರಕ್ಕೆ ಹಾಡು ಬಹಳ. ಒಬ್ಬರ ಗಂಟಲು ಅಷ್ಟು ಹೊತ್ತು ತಡೆಯುವುದಿಲ್ಲ. ಪಾತ್ರ ಬೇಕೆನ್ನುವವರೂ ಹೆಚ್ಚು. ಆದ್ದರಿಂದ ಒಂದೇ ರಾತ್ರಿ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಇಬ್ಬರು, ಕೆಲವೊಮ್ಮೆ ಮೂವರೂ ಬರುತ್ತಾರೆ. ಒಬ್ಬರು ಕಪ್ಪು, ಒಬ್ಬರು ಬಿಳುಪು, ಒಬ್ಬರು ಗಿಡ್ಡ, ಒಬ್ಬರು ಉದ್ದ. ಮುಂದೆ ಕೂತ ಸಾವಿರ ಜನರಲ್ಲಿ ಒಬ್ಬರೂ “ಇದೇನು, ಕೃಷ್ಣ ಬದಲಾದ” ಎಂದು ಕೇಳುವುದಿಲ್ಲ.

ಒಂದೇ ರಾತ್ರಿ ಮೂವರು ಕೃಷ್ಣರನ್ನು ಒಪ್ಪುವ ಜನ, ಮೂರು ವರ್ಷಕ್ಕೊಮ್ಮೆ ಬದಲಾದ ಒಬ್ಬ ಆರ್ಯವರ್ಧನನನ್ನು ಒಪ್ಪಲು ಒದ್ದಾಡುತ್ತಾರೆ. ಯಾಕೆಂದರೆ ಕೃಷ್ಣ ಆ ನಟನಿಗಿಂತ ಹಳಬ. ಕಿರೀಟ, ನವಿಲುಗರಿ, ಕೊಳಲು ಕಂಡರೆ ಸಾಕು, ಉಳಿದದ್ದನ್ನು ನೋಡುವವರ ಮನಸ್ಸೇ ತುಂಬಿಕೊಳ್ಳುತ್ತದೆ. ಆರ್ಯವರ್ಧನನೋ, ದಯಾಳೋ ಹಾಗಲ್ಲ. ಆ ನಟ, ನಟಿ ಬರುವ ಮೊದಲು ಅವರು ಇರಲೇ ಇಲ್ಲ. ದಯಾಳ ದನಿ ದಿಶಾ ವಕಾನಿಯವರು ಮಾಡಿದ ದನಿ, ಅವಳ ಗರ್ಬಾ ಕುಣಿತ ಅವರು ಕುಣಿದದ್ದು. ತಾರಕ್ ಮೆಹ್ತಾ ಅವರು ‘ಚಿತ್ರಲೇಖಾ’ ಗುಜರಾತಿ ಪತ್ರಿಕೆಯಲ್ಲಿ 1971ರಿಂದ ಬರೆದ ಅಂಕಣ ಈ ಧಾರಾವಾಹಿಗೆ ಮೂಲ, ನಿಜ. ಆದರೆ ನಮ್ಮ ಕಡೆ ಅದನ್ನು ಓದಿದವರು ಯಾರು? ನಮಗೆ ಪಾತ್ರ ಮತ್ತು ಮುಖ ಒಟ್ಟಿಗೇ ಬಂದವು.

ಇನ್ನೊಂದು ಬಗೆಯ ಬಾಳಿಕೆ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ನಲ್ಲಿದೆ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು 1980ರ ದಶಕದಲ್ಲಿ ಆಗುಂಬೆಯಲ್ಲಿ ಚಿತ್ರೀಕರಿಸಿ ದೂರದರ್ಶನಕ್ಕೆ ಕೊಟ್ಟದ್ದು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್ ಎಲ್ಲರಿಗೂ ನೆನಪು. ಆದರೆ ಅವನಿಲ್ಲದ ಎಷ್ಟೋ ಕಂತುಗಳಿವೆ. ಒಂದು ವಾರ ಸ್ವಾಮಿ, ಇನ್ನೊಂದು ವಾರ ಜ್ಯೋತಿಷಿ, ಮತ್ತೊಂದು ವಾರ ಅಂಚೆಯವನು. ಅಲ್ಲಿ ನಾಯಕ ಎಂದರೆ ಊರು. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಅಪಘಾತದಲ್ಲಿ ತೀರಿಕೊಂಡರು. 2006ರಲ್ಲಿ ಕವಿತಾ ಲಂಕೇಶ್ ಅದೇ ಆಗುಂಬೆಗೆ ಹೋಗಿ ಹೊಸ ಕಂತುಗಳನ್ನು ಮಾಡಲು ಸಾಧ್ಯವಾಯಿತೆಂದರೆ, ಊರು ಅಲ್ಲೇ ಇತ್ತು ಎಂಬುದೇ ಕಾರಣ.

ಕಾಗೆ ಕೂತಿತು, ಕೊಂಬೆ ಮುರಿಯಿತು

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸಂಖ್ಯಾಶಾಸ್ತ್ರ ಓದುವ ನಮಗೆ ಮೊದಲ ಪಾಠದಲ್ಲೇ ಕಲಿಸುತ್ತಾರೆ: ಎರಡು ಸಂಗತಿ ಒಂದರ ಹಿಂದೆ ಒಂದು ನಡೆದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂದಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಹಿರಿಯರು ಹೇಳುವುದೂ ಇದನ್ನೇ.

ದಿಶಾ ವಕಾನಿ ಹೋಗುವ ಹೊತ್ತಿಗೆ ಧಾರಾವಾಹಿಗೆ ಒಂಬತ್ತು ವರ್ಷ. ಸ್ಟೀವ್ ಕರೆಲ್ ಹೋದದ್ದು ಏಳನೇ ಸೀಸನ್ನಿನಲ್ಲಿ. ಅಷ್ಟು ವರ್ಷ ನಡೆದ ಯಾವ ಹಾಸ್ಯವಾದರೂ ಸ್ವಲ್ಪ ಹಳಸುವುದು ಸಹಜ. ಒಂದು ಸೊಸೈಟಿಯಲ್ಲಿ ಎಷ್ಟು ಸಲ ಕಳ್ಳ ಬರಬಹುದು, ಎಷ್ಟು ಸಲ ನೀರು ನಿಲ್ಲಬಹುದು? ಕೊಂಬೆ ಮೊದಲೇ ಒಣಗಿತ್ತು, ಕಾಗೆ ಕೂತ ಕೂಡಲೇ ಎಲ್ಲರೂ ಕಾಗೆಯನ್ನು ನೋಡಿದರು. ಇನ್ನು ಕೆಲವು ಸಲ ನಟರು ಬಿಡುವುದೇ ಕೊಂಬೆ ಒಣಗಿದ್ದು ಕಂಡು. ಮುಖ್ಯ ನಟ ಇದ್ದಾಗ ನಾವು ಸಾಧಾರಣ ಕಂತುಗಳನ್ನೂ ಕ್ಷಮಿಸುತ್ತೇವೆ, ಹೋದ ಮೇಲೆ ಒಳ್ಳೆಯ ಕಂತಿನಲ್ಲೂ ಕುಂದು ಹುಡುಕುತ್ತೇವೆ.

ನಾವು ಬದಲಾದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. 2017ರಲ್ಲಿ ನಾನು ಎಂಟೊಂಬತ್ತು ವರ್ಷದ ಮಗು. ಆಗ ನಕ್ಕದ್ದಕ್ಕೆ ಈಗ ನಗು ಬರದಿದ್ದರೆ ತಪ್ಪು ಪೂರ್ತಿ ಧಾರಾವಾಹಿಯದಲ್ಲ. ಅದೇ ವರ್ಷಗಳಲ್ಲಿ ಎಲ್ಲರ ಕೈಗೂ ಮೊಬೈಲ್ ಬಂತು. ಮನೆಮಂದಿ ಒಟ್ಟಿಗೆ ಕೂತು ನಗುವ ಅಭ್ಯಾಸವೇ ಕಡಿಮೆಯಾಯಿತು.

ಹಾಗೆಯೇ ಟಿಆರ್‌ಪಿ ಎಂಬ ಅಂಕಿ. ಬಾರ್ಕ್ ಸಂಸ್ಥೆ ಆಯ್ದ ಮನೆಗಳ ಟಿವಿಗೆ ಮೀಟರ್ ಕೂರಿಸಿ ವಾರವಾರ ಈ ಲೆಕ್ಕ ಕೊಡುತ್ತದೆ. ಅದರ ಪ್ರಕಾರ ‘ತಾರಕ್ ಮೆಹ್ತಾ’ ಮುಳುಗಿಲ್ಲ, ಮುಂದಿನ ಸಾಲಿನಲ್ಲಿ ಇನ್ನೂ ಕಾಣಿಸಿಕೊಳ್ಳುತ್ತದೆ. ಆದರೆ ಮೀಟರ್ ಎಣಿಸುವುದು ಟಿವಿ ಹಚ್ಚಿದ್ದನ್ನು, ನಕ್ಕದ್ದನ್ನಲ್ಲ. ಅಮ್ಮಿ ತರಕಾರಿ ಹೆಚ್ಚುತ್ತಾ, ಅಬ್ಬಾ ಅಂಗಡಿಯ ಲೆಕ್ಕ ಬರೆಯುತ್ತಾ ಕೂತಿದ್ದರೂ ಟಿವಿ ಓಡುತ್ತಿದ್ದರೆ ಅದು ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಧಾರಾವಾಹಿ ‘ಇಳಿಯಿತು’ ಎನ್ನುವಾಗ ಅಭ್ಯಾಸ ಇಳಿಯಿತೋ, ಆನಂದ ಇಳಿಯಿತೋ ಎಂದು ಬೇರೆ ಮಾಡಿ ಕೇಳಬೇಕು. ನಮ್ಮ ಮನೆಯಲ್ಲಿ ಅಭ್ಯಾಸ ಉಳಿದಿದೆ.

ಹೊಸಬರ ಪಾಡು

ಈ ಚರ್ಚೆಗಳಲ್ಲಿ ಯಾರೂ ನೆನೆಯದ ಒಬ್ಬರಿದ್ದಾರೆ, ಬದಲಿಗೆ ಬಂದವರು. ಅವರು ಯಾರ ಜಾಗವನ್ನೂ ಕಸಿದುಕೊಂಡಿರುವುದಿಲ್ಲ. ಕೆಲಸಕ್ಕೆ ಕರೆದರು, ಬಂದರು. ಆದರೆ ಹಳಬರಂತೆಯೇ ಮಾಡಿದರೆ “ನಕಲು” ಎನ್ನುತ್ತೇವೆ, ಬೇರೆ ತರ ಮಾಡಿದರೆ “ಇದು ಅವರಲ್ಲ” ಎನ್ನುತ್ತೇವೆ. ಎರಡು ಕಡೆಯೂ ಪೆಟ್ಟು. ಜೇಠಾಲಾಲನ ಮಗ ಟಪ್ಪುವಿನ ಪಾತ್ರದಲ್ಲಿ ಭವ್ಯ ಗಾಂಧಿ, ರಾಜ್ ಅನಾದ್ಕತ್, ನಿತೀಶ್ ಭಲೂನಿ ಎಂದು ಮೂವರು ಹುಡುಗರು ಬಂದಿದ್ದಾರೆ. ಮೂರನೆಯ ಹುಡುಗನನ್ನು ಇಬ್ಬರ ಜೊತೆ ಹೋಲಿಸುತ್ತಾರೆ. ಸ್ವಂತ ಮುಖದ ಮೇಲೆ ನೋಡಿಸಿಕೊಳ್ಳುವ ಅವಕಾಶ ಅವನಿಗೆ ಸಿಗುವುದು ಎಂದು?

ಇಷ್ಟರಿಂದ ತಿಳಿಯುವುದೇನು? ನಟ ಹೋದದ್ದಕ್ಕೇ ಧಾರಾವಾಹಿ ಬೀಳುವುದಿಲ್ಲ. ಎಲ್ಲ ನಗುವನ್ನೂ ಒಬ್ಬರ ಕಡೆಗೆ ತಿರುಗಿಸಿ ಕಟ್ಟಿದ್ದರೆ, ಹೋದವರ ಅಳತೆಯ ಅಂಗಿಯನ್ನೇ ಬಂದವರಿಗೆ ತೊಡಿಸಿದರೆ, ಯೋಚಿಸಲು ಸಮಯವಿಲ್ಲದಿದ್ದರೆ ಬೀಳುತ್ತದೆ. ಜಾಗ ಗಟ್ಟಿಯಾಗಿದ್ದು, ಹೊಸಬರಿಗೆ ಹೊಸ ಜಗಳ, ಹೊಸ ಆಸೆ ಕೊಟ್ಟರೆ ನಿಲ್ಲುತ್ತದೆ.

ನಮ್ಮ ಬಸ್ಸು ಹೊರಡುವುದು ಹೇಗೆ?

ಈಗ ನಮ್ಮ ಕಿರುನಾಟಕ. ಹೋದ ವರ್ಷದ ವಾರ್ಷಿಕೋತ್ಸವದಲ್ಲಿ ಟಿ. ನರಸೀಪುರದಿಂದ ನಂಜನಗೂಡಿಗೆ ಬರುವ ಬೆಳಗಿನ ಬಸ್ಸಿನ ನಾಟಕ ಆಡಿದ್ದು ಎಲ್ಲರಿಗೂ ನೆನಪಿದೆ. ಚಿಲ್ಲರೆ ಕೊಡದ ಕಂಡಕ್ಟರ್ ಆಗಿ ನಮ್ಮ ಸೀನಿಯರ್ ಅಣ್ಣ ನಗಿಸಿದ್ದನ್ನು ಉಪನ್ಯಾಸಕರೂ ಇನ್ನೂ ಹೇಳುತ್ತಾರೆ. ಅವರು ಪಿಯುಸಿ ಮುಗಿಸಿ ಮೈಸೂರಿಗೆ ಹೋದರು. ಈ ವರ್ಷವೂ ಅದೇ ನಾಟಕ ಬೇಕೆಂದು ಬೇಡಿಕೆ ಬಂದಿದೆ. ಪ್ರಥಮ ಪಿಯುಸಿಯ ಒಬ್ಬ ಹುಡುಗನಿಗೆ ಕಂಡಕ್ಟರ್ ಚೀಲ ಹಾಕಿಸಿದ್ದಾರೆ. ಅವನು ಚೆನ್ನಾಗಿಯೇ ಮಾಡುತ್ತಾನೆ. ಆದರೆ ಪ್ರತಿ ಸಾಲಿಗೂ “ಅಣ್ಣ ಹೀಗೆ ಹೇಳುತ್ತಿರಲಿಲ್ಲ” ಎಂದು ಯಾರಾದರೂ ತಿದ್ದುತ್ತಾರೆ. ಕಳೆದ ವಾರ ಅವನು ಅಭ್ಯಾಸಕ್ಕೇ ಬರಲಿಲ್ಲ.

ತಂಡಕ್ಕೆ ನನ್ನ ಸಲಹೆ ಇದು. ಕಂಡಕ್ಟರ್ ಪಾತ್ರವನ್ನು ಈ ವರ್ಷ ತೆಗೆದುಬಿಡಿ. ಬಸ್ಸು ಇರಲಿ, ಬುಟ್ಟಿ ಹಿಡಿದು ಬರುವ ಅಜ್ಜಿ ಇರಲಿ, ನಿದ್ದೆ ಮಾಡಿ ನಿಲ್ದಾಣ ತಪ್ಪಿಸಿಕೊಳ್ಳುವ ವಿದ್ಯಾರ್ಥಿ ಇರಲಿ. ಕಂಡಕ್ಟರ್ ರಜೆ, ಹೊಸದಾಗಿ ಕೆಲಸಕ್ಕೆ ಸೇರಿದ ಡ್ರೈವರೇ ಟಿಕೆಟ್ಟನ್ನೂ ಕೊಡಬೇಕಾದ ದಿನ ಎಂದು ಕಥೆ ಮಾಡಿ. ಹಳೆಯ ಕಂಡಕ್ಟರ್ ಯಾರಿಗೂ ಹೆದರುತ್ತಿರಲಿಲ್ಲ. ಈ ಡ್ರೈವರ್ ಎಲ್ಲರಿಗೂ ಹೆದರುತ್ತಾನೆ, ಚಿಲ್ಲರೆ ಕೇಳಿದವರಿಗೆಲ್ಲ ಹೆಚ್ಚೇ ಕೊಡುತ್ತಾನೆ. ಆ ಹುಡುಗನ ಸ್ವಭಾವ ಮೆತ್ತಗೆ, ಅವನಿಗೆ ಇದು ಹೊಂದುತ್ತದೆ. ಜೊತೆಗೆ ನಗಿಸುವ ಮಾತುಗಳನ್ನು ನಾಲ್ಕು ಜನರಿಗೆ ಹಂಚಿ. ನಾವು ದ್ವಿತೀಯ ಪಿಯುಸಿಯವರು ಹೋದ ಮೇಲೂ ಬಸ್ಸು ಓಡಬೇಕಲ್ಲ.

ಅಭ್ಯಾಸ ನೋಡಲು ಬರುವವರಲ್ಲಿ ಒಂದು ಕೋರಿಕೆ: ಅಣ್ಣನ ಹೆಸರು ಅಲ್ಲಿ ಎತ್ತಬೇಡಿ. ಅವನ ಮಾತಿಗೆ ನಗು ಬಂದರೆ ನಕ್ಕುಬಿಡಿ, ಬರದಿದ್ದರೆ ಯಾವ ಸಾಲಿಗೆ ಬರಲಿಲ್ಲವೆಂದು ಆಮೇಲೆ ನನಗೆ ಹೇಳಿ, ತಿದ್ದೋಣ. ಶನಿವಾರ ತರಗತಿ ಮುಗಿದ ಮೇಲೆ ಅಭ್ಯಾಸವಿದೆ. ಅವನ ಮನೆಗೆ ಹೋಗಿ ಕರೆದು ಬಂದಿದ್ದೇನೆ, ಬರುತ್ತೇನೆ ಎಂದಿದ್ದಾನೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ